ಕಡಿದ ಮೇಲೆ ಉಳಿದ ಬುಡ

“ಇದರ ಹೊಟ್ಟೆಯೊಳಗೆ ಒಂದು ಕಬ್ಬಿಣದ ಬಳೆ ಉಂಟು. ನೋಡಿಕೊಂಡು ಮೆಷಿನ್ ಹಾಕಿ ಮಾರಾಯ್ರೆ” ಎಂದು ಅಮ್ಮ ಮಾವಿನ ಮರದ ಬುಡವನ್ನು ಅಂಗೈಯಿಂದ ತಟ್ಟಿದಳು. ಮೊಣಕಾಲಿನಿಂದ ಸ್ವಲ್ಪ ಮೇಲೆ, ತೊಗಟೆ ತುಟಿ ಬಿಗಿಹಿಡಿದ ಹಾಗೆ ಕೂಡಿಕೊಂಡಿದ್ದ ಜಾಗ ಅದು. ದನ ಕಟ್ಟುವುದಕ್ಕೆಂದು ಅಜ್ಜ ಹೊಡೆದಿದ್ದ ಬಳೆಯನ್ನು ಮರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ನುಂಗಿಬಿಟ್ಟಿತ್ತು. ಮರ ಕುಯ್ಯುವವರು ಕೊಡಲಿಯ ಹಿಂಬದಿಯಿಂದ ಅಲ್ಲಿ ಎರಡು ಸಲ ಬಡಿದು ಕಿವಿಗೊಟ್ಟರು. ಕಬ್ಬಿಣಕ್ಕೆ ತಾಗಿದರೆ ಚೈನಿನ ಹಲ್ಲು ಹೋಗುತ್ತದೆ. ಚೈನೇ ತುಂಡಾಗಿ ಮೈಮೇಲೆ ಬಂದರೂ ಬಂತು. “ಹಾಗಾದ್ರೆ ಸೊಂಟದಷ್ಟು ಬಿಟ್ಟು ಮೇಲೆ ಕುಯ್ತೇನೆ ಅಮ್ಮ. ಬುಡ ಇಲ್ಲಿಯೇ ಇರ್ಲಿ” ಅಂದರು.

ನಮ್ಮ ಹಿತ್ತಿಲಿಗೆ ಮೊದಲನೆಯ ಕುತ್ತಿ ಬಂದದ್ದು ಹಾಗೆ. ಮರ ಕಡಿದ ಮೇಲೆ ಉಳಿಯುವ ಬುಡಕ್ಕೆ ನಮ್ಮ ಕಡೆ ಕುತ್ತಿ ಅನ್ನುತ್ತಾರೆ. ಬೊಡ್ಡೆ ಅಂದರೂ ತಿಳಿಯುತ್ತದೆ.

ಕಟಪಾಡಿಯಿಂದ ಶಿರ್ವದ ಕಡೆಗೆ ಹೋಗುವ ರಸ್ತೆಯಿಂದ ಓಣಿಗೆ ಇಳಿದರೆ ನಮ್ಮ ಮನೆ. ಮುಂದೆ ಅಂಗಳ, ಬದಿಯಲ್ಲಿ ಮಲ್ಲಿಗೆ, ಹಿಂದೆ ಬಾವಿ, ಬಾವಿಯಾಚೆ ಹಿತ್ತಿಲು. ಆ ವರ್ಷ ನಾಲ್ಕು ಮರಗಳನ್ನು ಒಟ್ಟಿಗೆ ಇಳಿಸಬೇಕಾಗಿ ಬಂದಿತ್ತು. ಹಿಂದಿನ ಮಳೆಗಾಲದ ಗಾಳಿಗೆ ಮಾವಿನ ಒಂದು ಕೊಂಬೆ ಅಡುಗೆಮನೆಯ ಹೆಂಚಿನ ಮೇಲೆ ಬಿದ್ದಿತ್ತು. ತೆಂಗಿನ ಸುಳಿ ಒಣಗಿ ಕೈಗೆ ಬಂದಿತ್ತು. ಹಲಸು ಬಾವಿಯ ಕಡೆಗೆ ವಾಲಿತ್ತು. ಸಾಗುವಾನಿಯ ತಲೆ ಕರೆಂಟಿನ ತಂತಿಗೆ ಮುಟ್ಟುತ್ತಿತ್ತು. ಬೇಕಾದ ಅನುಮತಿಗಾಗಿ ಓಡಾಡಿ ಕಾಗದ ಕೈಗೆ ಬರುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ಮಳೆಗಾಲದ ಹೊಸ್ತಿಲೆಂದು ನಮ್ಮ ಕಡೆ ಎಣಿಸುವ ಪತ್ತನಾಜೆಗೆ ಇನ್ನು ಎರಡೇ ವಾರ.

ಸಂಜೆ ಮೆಷಿನ್ನಿನ ಸದ್ದು ನಿಂತಾಗ ಹಿತ್ತಿಲಿನಲ್ಲಿ ನಾನು ಕಂಡೇ ಇರದಷ್ಟು ಆಕಾಶವಿತ್ತು. ಬೆಳಕು ನೇರವಾಗಿ ನಾಲ್ಕು ಹಸಿ ಮುಖಗಳ ಮೇಲೆ ಬೀಳುತ್ತಿತ್ತು. ಹಲಸಿನದು ಅರಿಸಿನ ಅರೆದ ಕಲ್ಲಿನ ಹಾಗೆ. ಅಂಚಿನಲ್ಲಿ ಬಿಳಿ ಮೇಣ ಹನಿಹನಿಯಾಗಿ ಉಕ್ಕಿ ನಿಂತಿತ್ತು. ಮಾವಿನದು ಸಿಪ್ಪೆ ಸುಲಿದ ಬದನೆಯಂತೆ ಬೆಳ್ಳಗಿದ್ದದ್ದು ನೋಡನೋಡುತ್ತ ಕಂದುತ್ತಿತ್ತು. ಸಾಗುವಾನಿಗೆ ಹಳೆಯ ಚರ್ಮದ ವಾಸನೆ, ಕೈಗೆ ಸ್ವಲ್ಪ ಎಣ್ಣೆಯ ಪಸೆ. ಅದರ ಬಳೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ನಾನು ಉಗುರಿಟ್ಟು ಎಣಿಸಿ 27ಕ್ಕೆ ನಿಂತೆ. ಅಮ್ಮ ಸಸಿ ನೆಟ್ಟ ವರ್ಷದ ಲೆಕ್ಕ ಹಾಕಿ ಸರಿ ಅಂದಳು. ನಮ್ಮಲ್ಲಿ ಎಲ್ಲ ಮರಗಳೂ ಹೀಗೆ ವಯಸ್ಸು ಹೇಳುವುದಿಲ್ಲ. ಬೇಸಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನೇ ನಿಲ್ಲಿಸಿ, ಮಳೆಗೆ ಮತ್ತೆ ಶುರುಮಾಡುವುದರಿಂದ ಸಾಗುವಾನಿಯೊಳಗೆ ವರ್ಷಕ್ಕೊಂದು ಗೆರೆ ಬೀಳುತ್ತದೆ. ಒಟ್ಟಿಗೆ ಎಲೆ ಉದುರಿಸದೆ ಹಸುರಾಗಿಯೇ ಇರುವ ಹಲಸಿನಲ್ಲಿ ಅಂಥ ಗೆರೆ ಹುಡುಕಿದರೆ ಸಿಗುವುದು ಕಷ್ಟ.

ತೆಂಗಿನ ಮುಖದಲ್ಲಿ ಬಳೆಯೇ ಇಲ್ಲ. ಬರೀ ಚುಕ್ಕೆಗಳು. ಅಂಚಿನಲ್ಲಿ ಒತ್ತೊತ್ತಾಗಿ ಕಪ್ಪಗೆ, ನಡುವೆ ಬಿಡಿಬಿಡಿಯಾಗಿ, ರಾಗಿಕಾಳು ಚೆಲ್ಲಿದ ಹಾಗೆ. ತೆಂಗು ಹುಲ್ಲು ಬಿದಿರುಗಳ ಕಡೆಯ ನಂಟ. ಒಂದು ಸಲ ಕಾಂಡ ಕಟ್ಟಿತೆಂದರೆ ಮಾವು ಹಲಸುಗಳಂತೆ ಪದರ ಪದರವಾಗಿ ದಪ್ಪವಾಗುವುದಿಲ್ಲ. ಕತ್ತರಿಸಿದಲ್ಲಿಂದ ಚಿಗುರುವುದೂ ಇಲ್ಲ. ಅದರ ಜೀವವೆಲ್ಲ ತುದಿಯ ಒಂದೇ ಒಂದು ಸುಳಿಯಲ್ಲಿ. ಸುಳಿ ಹೋದ ದಿನವೇ ಅದು ಹೋಯಿತು.

ಮರ ಕಡಿಸುವುದು ಒಂದು ದಿನದ ಕೆಲಸ. ಬುಡದ ಚಿಂತೆ ಆಮೇಲೆ ಶುರುವಾಗುತ್ತದೆ. ಮರುದಿನ ಬೆಳಗ್ಗೆಯೇ ಬೇಲಿಯ ಆಚೆಯಿಂದ ಸಲಹೆಗಳು ಬಂದವು. ಜೆಸಿಬಿ ತರಿಸಿ, ಅರ್ಧ ಗಂಟೆಯ ಕೆಲಸ ಎಂದರು ಒಬ್ಬರು. ಆದರೆ ನಮ್ಮ ಓಣಿಯ ಎರಡೂ ಬದಿಗೆ ಕೆಂಪುಕಲ್ಲಿನ ಗೋಡೆ. ಒಳಗೆ ಬರಬೇಕಾದರೆ ಮಲ್ಲಿಗೆಯ ಸಾಲಿನ ಮೇಲೆಯೇ ಬರಬೇಕು. ಬುಡಕ್ಕೆ ತೂತು ಕೊರೆದು ಮೈಲುತುತ್ತ ತುಂಬಿಸಿ ಎಂದರು ಇನ್ನೊಬ್ಬರು. ಕಲ್ಲುಪ್ಪು ಸುರಿಯಿರಿ, ಸೀಮೆಎಣ್ಣೆ ಹೊಯ್ಯಿರಿ, ಇಂಗು ಇಟ್ಟರೆ ಸಾಕು ಎಂದವರೂ ಇದ್ದರು. ಅಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿಕೊಂಡು, ಒಳಗೆ ಬಂದ ಮೇಲೆ ಒಂದೇ ಮಾತು ಹೇಳಿದಳು: “ಬಾವಿ ಹದಿನೈದು ಅಡಿಯಲ್ಲಿ ಉಂಟು.”

ಅಷ್ಟರಲ್ಲಿ ಎಲ್ಲವೂ ಬಂತು. ಉಡುಪಿಯ ಈ ಮಣ್ಣಿಗೆ ಮೇಲೆ ಸುರಿದದ್ದು ಕೆಳಗೆ ಇಳಿಯಲು ಹೊತ್ತು ಬೇಡ. ಕೆಂಪುಕಲ್ಲಿನ ಮೈತುಂಬ ತೂತು. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವಲ್ಲಿ ಉಪ್ಪಾಗಲಿ ಮೈಲುತುತ್ತವಾಗಲಿ ಕುತ್ತಿಯಲ್ಲೇ ಕೂತಿರುತ್ತದೆಂದು ನಂಬುವುದು ಹೇಗೆ? ಮೈಲುತುತ್ತದ ಇನ್ನೊಂದು ಗುಣವನ್ನು ಅಡಿಕೆ ತೋಟದವರು ಬಲ್ಲರು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರವನ್ನು ತಡೆಯುವುದು ಅದೇ. ಸತ್ತ ಮರವನ್ನು ಮಣ್ಣು ಮಾಡುವುದೂ ಶಿಲೀಂಧ್ರವೇ. ಬುಡ ಬೇಗ ಕೊಳೆಯಲಿ ಎಂದು ಅದರೊಳಗೆ ಮೈಲುತುತ್ತ ತುಂಬಿದರೆ, ಕೆಲಸಕ್ಕೆ ಬರಬೇಕಾದವರನ್ನು ಬಾಗಿಲಲ್ಲೇ ತಡೆದ ಹಾಗೆ. ಹೊಸ ಚಿಗುರು ಸತ್ತೀತು. ಮರ ಮಾತ್ರ ಹಾಗೇ ನಿಂತಿರುತ್ತದೆ.

ಸುಡುವ ಮಾತನ್ನು ನಾನೇ ತೆಗೆದೆ. ಚಿಕ್ಕಂದಿನಲ್ಲಿ ನೋಡಿದ ಒಂದು ಗೇರು ಮರದ ಬುಡ ನೆನಪಿಗೆ ಬಂದಿತ್ತು. ಸುತ್ತ ಉಮಿ ರಾಶಿ ಹಾಕಿ ಕೆಂಡ ಇಟ್ಟಿದ್ದರು. ಉರಿ ಕಾಣುವುದಿಲ್ಲ, ಹೊಗೆಯೊಂದು ನೂಲಿನಂತೆ ಏಳುತ್ತಲೇ ಇರುತ್ತದೆ. ನಾಲ್ಕನೆಯ ದಿನ, ಬುಡದಿಂದ ಎರಡಾಳು ದೂರದಲ್ಲಿ ಬರಿಗಾಲಿಗೆ ನೆಲ ಬಿಸಿ ತಾಗಿತ್ತು. ಬೆಂಕಿ ಒಣಗಿದ ಬೇರನ್ನು ಹಿಡಿದು ಮಣ್ಣಿನೊಳಗೇ ನಡೆದುಕೊಂಡು ಬಂದಿತ್ತು. ನಮ್ಮ ಹಿತ್ತಿಲಿನಲ್ಲಿ ಸೌದೆಕೊಟ್ಟಿಗೆ ಹತ್ತಿರ; ತೆಂಗಿನ ಮಡಲು, ಸಿಪ್ಪೆ, ಒಣಗಿದ ಸೋಗೆ ಎಲ್ಲ ಅಲ್ಲಿಯೇ. ಅದೂ ಬೇಡವೆಂದಾಯಿತು.

ಉಳಿದದ್ದು ಹಾರೆ, ಪಿಕ್ಕಾಸು, ಕೊಡಲಿ. ಅದೂ ಎಲ್ಲ ಬುಡಗಳಿಗಲ್ಲ, ತೆಂಗಿಗೆ ಮಾತ್ರ. ನಾಲ್ಕರಲ್ಲಿ ಕಣ್ಣಿಗೆ ಬಡಪಾಯಿಯಂತೆ ಕಾಣುವುದು ಅದೇ. ಆದರೆ ಉಳಿಸಿಕೊಳ್ಳಬಾರದ್ದೂ ಅದೇ.

ಇದರ ಕಾರಣ ತೆಂಗು ಬೆಳೆಯುವವರಿಗೆಲ್ಲ ಗೊತ್ತು. ಬಿಡಿಸಿದ ಗರಿಯನ್ನು ಯಾರೋ ಕತ್ತರಿಯಿಂದ ಮೂಲೆ ಮೂಲೆಯಾಗಿ ಕತ್ತರಿಸಿದಂತೆ ಕಂಡರೆ ಅದು ಕುರುವಾಯಿಯ ಕೆಲಸ. ಮೂತಿಯ ಮೇಲೆ ಖಡ್ಗಮೃಗದಂತೆ ಒಂದು ಕೊಂಬಿರುವ ಕಪ್ಪು ದುಂಬಿ. ರಾತ್ರಿ ಹಾರಿ ಬಂದು, ಇನ್ನೂ ಬಿಚ್ಚಿರದ ಸುಳಿಯನ್ನು ಕೊರೆದು ರಸ ಹೀರುತ್ತದೆ. ಆ ಗರಿ ಬಿಚ್ಚಿದಾಗ ಗಾಯ ಸಾಲಾಗಿ ತೆರೆದುಕೊಳ್ಳುತ್ತದೆ. ಗಾಯದ ವಾಸನೆ ಹಿಡಿದು ಕೆಂಪು ಮೂತಿಹುಳು ಬಂದರೆ ಮರದ ಆಸೆ ಬಿಟ್ಟ ಹಾಗೆಯೇ. ಈ ಕುರುವಾಯಿ ತಿನ್ನುವುದು ಬದುಕಿರುವ ತೆಂಗನ್ನು. ಮೊಟ್ಟೆಯಿಡುವುದು ಮಾತ್ರ ಗೊಬ್ಬರದ ಗುಂಡಿಯಲ್ಲಿ, ಮತ್ತು ಕೊಳೆಯುತ್ತಿರುವ ತೆಂಗಿನ ಬುಡದಲ್ಲಿ. ಬೆರಳಿಗಿಂತ ದಪ್ಪ, ಕೊಕ್ಕೆಯಂತೆ ಮಡಿಸಿಕೊಂಡ ಬಿಳಿ ಗೊಣ್ಣೆಹುಳುಗಳು ತಿಂಗಳುಗಟ್ಟಲೆ ಅದರೊಳಗೆ ಕೊಬ್ಬುತ್ತವೆ. ಸತ್ತ ಒಂದು ತೆಂಗು ಹೀಗೆ ಸುತ್ತಲಿನ ಹತ್ತಾರು ತೆಂಗುಗಳಿಗೆ ಶತ್ರುವನ್ನು ಸಾಕುತ್ತದೆ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. 1909ರಲ್ಲಿ ಸಿಂಹಳದಿಂದ ರಬ್ಬರ್ ಸಸಿಗಳ ಜೊತೆಗೆ ಈ ದುಂಬಿ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ತಲುಪಿ ಅಲ್ಲಿನ ತೆಂಗನ್ನು ಹಾಳುಮಾಡಿತು. ಗುವಾಮ್ ದ್ವೀಪದಲ್ಲಿ ಅದು ಕಾಣಿಸಿಕೊಂಡದ್ದು 2007ರಲ್ಲಿ. 2015ರ ಚಂಡಮಾರುತ ಉರುಳಿಸಿದ ಮರಗಳು ಕೊಳೆಯತೊಡಗಿದ ಮೇಲೆ ಅಲ್ಲಿ ದುಂಬಿಯ ಕಾಟ ಒಮ್ಮೆಲೇ ಏರಿತು. 1963ರಲ್ಲಿ ಮಲೇಷ್ಯಾದಲ್ಲಿ ಈ ದುಂಬಿಗೆ ತಗಲುವ ಒಂದು ವೈರಸ್ ಪತ್ತೆಯಾಗಿ, ಆ ಮೇಲೆ ಹಲವು ದ್ವೀಪಗಳಲ್ಲಿ ಅದನ್ನೇ ಮದ್ದಾಗಿ ಬಿಟ್ಟರು. ನಮಗೆ ಹತ್ತಿರದಲ್ಲೇ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಶುರುವಾದ ಕೇಂದ್ರ ಅದು. ಅವರು ಗೊಬ್ಬರದ ಗುಂಡಿಗೆ ಹಾಕಲು ಹೇಳುವ ಹಸಿರು ಶಿಲೀಂಧ್ರವನ್ನು ತಂದು ಬಳಸುವವರು ಈಗ ಹಳ್ಳಿಗಳಲ್ಲೂ ಇದ್ದಾರೆ. ಮೆಟಾರೈಜಿಯಂ ಅದರ ಹೆಸರು. ಗೊಣ್ಣೆಹುಳುವಿನ ಮೈಮೇಲೆ ಬೆಳೆದು ಅದನ್ನು ಹಸಿರು ಪುಡಿ ಮೆತ್ತಿದ ಕಡ್ಡಿಯಂತೆ ಸೆಟೆಸುತ್ತದೆ. ಆದರೆ ಹುಳು ಹುಟ್ಟುವ ಮನೆಯನ್ನೇ ಇಲ್ಲವಾಗಿಸಿದರೆ ಮದ್ದಿನ ಕೆಲಸ ಅಷ್ಟು ಹಗುರ.

ತೆಂಗಿನ ಬುಡ ಅಗೆಯಲು ಇಬ್ಬರು ಬಂದರು. ಹಿರಿಯರು ಬುಡವನ್ನು ಒಂದು ಸುತ್ತು ನೋಡಿ, ಬಾಯಲ್ಲಿದ್ದ ವೀಳ್ಯ ಉಗಿದು ಬಂದು ಹೇಳಿದರು: “ಅಕ್ಕ, ಇದು ತಪ್ಪಾಯ್ತು. ಮರ ನಿಂತಿರುವಾಗಲೇ ಬುಡ ಬಿಡಿಸ್ಬೇಕಿತ್ತು. ಸುತ್ತ ಅಗೆದು ಬೇರು ಕಡಿದು ಹಗ್ಗ ಕಟ್ಟಿ ಎಳೆದ್ರೆ, ಮರ ಬೀಳುವಾಗ ತನ್ನ ಬುಡವನ್ನು ತಾನೇ ಕಿತ್ಕೊಂಡು ಬರ್ತದೆ. ಈಗ ಆ ಭಾರ ಇಲ್ಲ. ನಾವೇ ಎಳೀಬೇಕು.” ಅವರು ಹೇಳಿದ್ದು ಎಷ್ಟು ಸರಿ! ನಲವತ್ತು ಅಡಿಯ ಮರವೇ ಮೀಟುಗೋಲು. ಒಂದು ಕಡೆ ಬಾವಿ, ಇನ್ನೊಂದು ಕಡೆ ಮಾಡು. ಹಾಗೆ ಬೀಳಿಸಲು ನಮಗೆ ಜಾಗವಿರಲಿಲ್ಲ, ನಿಜ. ಆದರೂ ಜಾಗವಿದ್ದವರು ಈ ಮಾತನ್ನು ನೆನಪಿಡಬೇಕು ಅನ್ನಿಸಿತು.

ಎರಡಡಿ ಅಗೆದಾಗ ತೆಂಗಿನ ನಿಜವಾದ ರೂಪ ಹೊರಬಂತು. ತಾಯಿಬೇರು ಎಂಬುದೇ ಇಲ್ಲ. ಮಣ್ಣಿನೊಳಗೆ ಉಬ್ಬಿದ ಒಂದು ದೊಡ್ಡ ಗಡಿಗೆ. ಆ ಗಡಿಗೆಯ ಮೈತುಂಬ ಕಿರುಬೆರಳು ಗಾತ್ರದ ಕೆಂಪು ಬೇರುಗಳು, ಸಾವಿರಾರು, ಎಲ್ಲವೂ ಒಂದೇ ದಪ್ಪ. ಕೊಡಲಿಯ ಏಟಿಗೆ ಮರದಂತೆ ಚಕ್ಕೆ ಏಳುವುದಿಲ್ಲ. ನಾರು ನಾರಾಗಿ ಜಗ್ಗುತ್ತದೆ, ಅಲಗನ್ನು ಹಿಡಿದುಕೊಳ್ಳುತ್ತದೆ. ಹಿರಿಯರು ಅರ್ಧ ಗಂಟೆಗೊಮ್ಮೆ ಕೊಡಲಿಯನ್ನು ಕಲ್ಲಿಗೆ ಮಸೆಯುತ್ತಿದ್ದರು. ಕಿರಿಯವನು ಕೆಳಗೆ ಕಬ್ಬಿಣದ ಸರಳು ತೂರಿಸಿ, ಅದರಡಿಗೆ ಒಂದು ಕೆಂಪುಕಲ್ಲು ಕೊಟ್ಟು ಮೀಟುತ್ತಿದ್ದ. ಮೀಟಿದಾಗಲೆಲ್ಲ ಒಳಗೆಲ್ಲೋ ಹಗ್ಗ ಹರಿದಂತೆ ಪಟಪಟ ಸದ್ದು. ಅಮ್ಮ ನಡುನಡುವೆ ಬೆಲ್ಲ ನೀರು ತಂದಿಡುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಗಡಿಗೆ ಮಗ್ಗುಲಾಯಿತು. ಬೇರಿಗಂಟಿದ ಮಣ್ಣು ಕೊಡವಿ ನಾಲ್ಕು ಸೀಳು ಮಾಡಿ ಬಿಸಿಲಿಗೆ ಹರಡಿದರು. ಒಂದು ಸೀಳಿನೊಳಗೆ ಆಗಲೇ ಮೂರು ಗೊಣ್ಣೆಹುಳುಗಳಿದ್ದವು. ಎಲ್ಲಿಂದಲೋ ಬಂದ ಮಡಿವಾಳ ಹಕ್ಕಿ ಒಂದನ್ನು ಎತ್ತಿಕೊಂಡು ಹೋಯಿತು. ಒಣಗಿದ ಸೀಳುಗಳು ಬಚ್ಚಲೊಲೆಗೆ ಹೋದವು. ಆ ಮಳೆಗಾಲದ ಆಟಿ ತಿಂಗಳಿನ ಅಷ್ಟೂ ದಿನ ಹಂಡೆಯ ನೀರು ಕಾಯಿಸಿದ್ದು ಅವೇ.

ಸಾಗುವಾನಿಯದು ಬೇರೆಯೇ ಸ್ವಭಾವ. ಅದಕ್ಕೆ ಕಡಿದದ್ದು ಸಾವಲ್ಲ. ಮಳೆ ಶುರುವಾಗಿ ಮೂರೇ ವಾರಕ್ಕೆ ಬುಡದ ಅಂಚಿನಲ್ಲಿ ಹನ್ನೊಂದು ಚಿಗುರು, ಒಂದೊಂದು ಎಲೆಯೂ ಊಟದ ಎಲೆಯಷ್ಟು ದೊಡ್ಡದು. ಅರಣ್ಯದವರು ಸಾಗುವಾನಿ ನೆಡುವ ಕ್ರಮವೇ ಹೀಗೆ: ವರ್ಷದ ಸಸಿಯನ್ನು ಕಿತ್ತು, ಮೇಲೆ ಒಂದಿಂಚು ಬಿಟ್ಟು ಕಾಂಡ ಕತ್ತರಿಸಿ, ಕೆಳಗೆ ಗೇಣುದ್ದ ಬೇರು ಉಳಿಸಿ, ಆ ಬೆರಳಿನಂಥ ಮೋಟನ್ನೇ ಊರುತ್ತಾರೆ. ಅದಕ್ಕೆ ಅವರು ಕರೆಯುವ ಹೆಸರೂ ಸ್ಟಂಪ್. ಅಮ್ಮ ಹತ್ತು ಚಿಗುರು ಮುರಿದು, ತಂತಿಯಿಂದ ದೂರದ ಬದಿಯ ಒಂದನ್ನು ಬಿಟ್ಟಳು. ಅಷ್ಟಕ್ಕೆ ಅದರ ವಿಷಯ ಮುಗಿಯಿತು.

ಹಲಸನ್ನು ಅಗೆಯಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ. ಹಿತ್ತಿಲ ಮೆಟ್ಟಿಲಿಗೆ ಹತ್ತಿರ, ಕೂರುವ ಎತ್ತರ, ಮೇಲ್ಮೈ ಮಟ್ಟಸ. ಹೊರಗಿನ ಬಿಳಿ ಭಾಗವನ್ನು ಗೆದ್ದಲು ತಿನ್ನುತ್ತದೆ. ಒಳಗಿನ ಹಳದಿ ತಿರುಳಿನ ಗೊಡವೆಗೆ ಸುಲಭಕ್ಕೆ ಬರುವುದಿಲ್ಲ. ಯಕ್ಷಗಾನದ ಚೆಂಡೆ ಮದ್ದಳೆಗಳ ಕಳಸಿಗೆ ಹಲಸು ಬೇಕು, ವೀಣೆಯ ಕೊಡಕ್ಕೂ ಹಲಸು ಬೇಕು. ಬರ್ಮಾ, ಥಾಯ್ಲೆಂಡಿನ ಬೌದ್ಧ ಭಿಕ್ಷುಗಳು ಹಿಂದಿನಿಂದ ಚೀವರಕ್ಕೆ ಬಣ್ಣ ಹಾಕುತ್ತಿದ್ದದ್ದು ಇದೇ ತಿರುಳಿನ ಚಕ್ಕೆಯನ್ನು ಕುದಿಸಿ. ನಮ್ಮ ಕುತ್ತಿಯ ಬಣ್ಣವೂ ಮೊದಲ ವರ್ಷ ಅರಿಸಿನ, ಆಮೇಲೆ ಜೇನು, ಈಗ ಹಳೆಯ ಹಿತ್ತಾಳೆ. ಅದರ ಒಂದು ಬದಿಗೆ ತೆಂಗಿನಕಾಯಿ ಸುಲಿಯುವ ಸೂಲಿಗೆ ನಿಂತಿದೆ. ಇನ್ನೊಂದು ಬದಿಯಲ್ಲಿ ಅಮ್ಮ ಸಂಜೆ ಕೂತು ಮಲ್ಲಿಗೆ ಕಟ್ಟುತ್ತಾಳೆ.

ಅದೂ ಚಿಗುರಿತು. ಹಲಸು ಕಾಂಡದ ಮೇಲೆಯೇ ಕಾಯಿ ಬಿಡುವ ಮರ. ತೊಗಟೆಯ ಕೆಳಗೆ ಮೊಗ್ಗುಗಳು ಕಾದುಕೊಂಡೇ ಇರುತ್ತವೆ. ಈ ಚಿಗುರುಗಳನ್ನು ಅಮ್ಮ ಮುರಿಯಲಿಲ್ಲ. ಎದೆಯೆತ್ತರ ಬಂದಾಗ ತುದಿ ಚಿವುಟುತ್ತಾಳೆ. ಪಕ್ಕಕ್ಕೆ ಮತ್ತೆ ಒಡೆಯುತ್ತದೆ. ಎಲೆ ಅಗಲ, ಬಲಿತರೂ ಮೃದು, ಕೈಗೆ ಎಟಕುವಲ್ಲೇ ಇರುತ್ತದೆ. ಮೊದಲು ಕೊಟ್ಟೆ ಕಡುಬು ಮಾಡಬೇಕೆಂದರೆ ದೋಟಿ ಹಿಡಿದು ಯಾರಾದರೂ ಬರಬೇಕಿತ್ತು. ಈಗ ಅವಳೊಬ್ಬಳೇ ಹೋಗಿ ಎಲೆ ಕುಯ್ದು, ಅದೇ ಕುತ್ತಿಯ ಮೇಲೆ ಕೂತು ನಾಲ್ಕು ನಾಲ್ಕು ಎಲೆಗಳನ್ನು ಕಡ್ಡಿ ಚುಚ್ಚಿ ಕೊಟ್ಟೆ ಕಟ್ಟುತ್ತಾಳೆ. ಮರವಿದ್ದಾಗಿನಷ್ಟೇ ಸಲ ಅದರ ಹತ್ತಿರ ಹೋಗುತ್ತಾಳೆ, ಬಹುಶಃ ಹೆಚ್ಚೇ.

ಮಾವನ್ನು ಮಳೆಗೆ ಬಿಟ್ಟೆವು.

ಬರೀ ಬಿಟ್ಟದ್ದಲ್ಲ. ಮೇಲಿನಿಂದ ಗೇಣುದ್ದದ ತೂತುಗಳನ್ನು ಕೊರೆಸಿ, ಅಮ್ಮ ತಿಂಗಳಿಗೊಮ್ಮೆ ಸಗಣಿ ನೀರು ಹೊಯ್ದು, ಮೇಲೆ ಮಣ್ಣು, ತರಗೆಲೆ ಮುಚ್ಚುತ್ತಿದ್ದಳು. ಮರದೊಳಗೆ ಶಿಲೀಂಧ್ರಕ್ಕೆ ತಿನ್ನಲು ಬೇಕಾದಷ್ಟು ಇರುತ್ತದೆ, ಮೈ ಕಟ್ಟಿಕೊಳ್ಳಲು ಬೇಕಾದ ಸಾರಜನಕ ಮಾತ್ರ ತೀರಾ ಕಡಿಮೆ. ಸಗಣಿ ಆ ಕೊರತೆ ತುಂಬುತ್ತದೆ. ತೇವ ಇರಬೇಕು, ಗಾಳಿಯೂ ಆಡಬೇಕು; ಪ್ಲಾಸ್ಟಿಕ್ ಸುತ್ತಿ ಉಸಿರುಗಟ್ಟಿಸಿದರೆ ಕೆಲಸ ನಡೆಯುವುದಿಲ್ಲ. ಅಡುಗೆಮನೆಯ ಗೋಡೆಯಿಂದ ಅದು ಸಾಕಷ್ಟು ದೂರವಿತ್ತು, ಅದಕ್ಕೆ ಧೈರ್ಯ ಮಾಡಿದೆವು. ಗೋಡೆಗೆ ತಾಗಿಯೇ ಇದ್ದಿದ್ದರೆ ನಾನೇ ಬೇಡವೆನ್ನುತ್ತಿದ್ದೆ. ಕೊಳೆತ ಬೇರು ನೆಲದಡಿಯಲ್ಲಿ ಟೊಳ್ಳು ಬಿಡುತ್ತದೆ. ಬುಡಕ್ಕೆ ಬಂದ ಗೆದ್ದಲು ಬಾಗಿಲಿನ ದಾರಂದವನ್ನೂ ಹುಡುಕಿಕೊಂಡು ಬರುತ್ತದೆ.

ಮೊದಲ ಮಳೆಗಾಲದಲ್ಲಿ ತೊಗಟೆ ಸಡಿಲವಾಯಿತು. ಎರಡನೆಯದರಲ್ಲಿ ಬದಿಯಲ್ಲಿ ಕಿವಿಯಂಥ ಅಣಬೆಗಳು ಮೆಟ್ಟಿಲು ಮೆಟ್ಟಿಲಾಗಿ ಎದ್ದವು. ಒಂದು ಬಾರಿ ಊರಿಗೆ ಬಂದಾಗ ಒಂದು ತುಂಡು ಮುರಿದು ನೋಡಿದೆ. ಬಿಳಿ ನಾರು ನಾರಾಗಿ, ಒದ್ದೆ ಹತ್ತಿಯ ಹಾಗೆ ಬಿಚ್ಚಿಕೊಂಡಿತು. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ಕೆಲವು ಶಿಲೀಂಧ್ರಗಳು ತಿಂದು ಮುಗಿಸುತ್ತವೆ. ಆಗ ಉಳಿಯುವುದು ಈ ಬಿಳುಪು. ಮೂರನೆಯ ವರ್ಷ ಗೆದ್ದಲು ಬಂತು, ಬುಡದ ಬದಿಯಲ್ಲಿ ಮೊಣಕೈ ಎತ್ತರದ ಹುತ್ತವೆದ್ದಿತು. ಹುತ್ತ ಕಟ್ಟುವ ಈ ಗೆದ್ದಲುಗಳೂ ಕೃಷಿಕರೇ. ತಂದ ಮರದ ಪುಡಿಯಿಂದ ಒಳಗೆ ಜೇನುಹಟ್ಟಿಯಂಥ ಮಡಿ ಕಟ್ಟಿ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಗುಡುಗು ಮಳೆ ಹೊಡೆದು ಬಿಸಿಲು ಬಂದ ಒಂದು ಬೆಳಗ್ಗೆ ಅದೇ ಶಿಲೀಂಧ್ರ ನೆಲ ಸೀಳಿ ಕೊಡೆ ಬಿಚ್ಚಿತು. ಬೇರೆ ಅಣಬೆಯನ್ನು ಮುಟ್ಟದ ಅಮ್ಮ ಇದನ್ನು ದೂರದಿಂದಲೇ ಗುರುತಿಸಿದಳು. ಬುಡವನ್ನು ಎಳೆದರೆ ಬೇರಿನಂತೆ ಉದ್ದಕ್ಕೆ ಮಣ್ಣಿನೊಳಗೆ ಹೋಗುವ ಕಾಲು. ಮಧ್ಯಾಹ್ನಕ್ಕೆ ಗಸಿಯಾಯಿತು.

ನಾಲ್ಕನೆಯ ಮಳೆಗಾಲದ ಹೊತ್ತಿಗೆ ಕುತ್ತಿಯ ನಡು ಕುಸಿದು ಬೋಗುಣಿಯಂತಾಗಿತ್ತು. ತವರಿನ ತೋಟದ ಹಳೆಯ ಮರದಿಂದ ತಂದ ಮರಕೆಸುವಿನ ಗಡ್ಡೆಗಳನ್ನು ಅಮ್ಮ ಅದರಲ್ಲಿ ಇಟ್ಟಳು. ಆಟಿಯಲ್ಲಿ ಎಲೆ ತುಂಬಿ ಹೊರಚೆಲ್ಲಿತು. ಮರಕೆಸುವಿನ ಪತ್ರೊಡೆಗೆ ಬಾಯಿ ತುರಿಸುವುದಿಲ್ಲ ಎಂದು ಅಕ್ಕಪಕ್ಕದವರೂ ಕೊಯ್ದುಕೊಂಡು ಹೋದರು. ಇಂಗು ಇಡಲು ಹೇಳಿದ್ದವರೂ ಬಂದು ಒಂದು ಗಡ್ಡೆ ಕೇಳಿದರು. ಬುಡದ ಕೆಳಗಿನ ಪೊಟರೆಯಲ್ಲಿ ಒಂದು ಕೇರೆ ಹಾವು ಇರುವುದು ಅದೇ ವರ್ಷ ಗೊತ್ತಾದದ್ದು. ಇಲಿಯ ಕಾಟ ಕಡಿಮೆಯಾಗಿತ್ತು. ನಾವು ಆ ಬದಿಯಿಂದ ಎಲೆ ಕೊಯ್ಯುವುದನ್ನು ಬಿಟ್ಟೆವು.

ಹೋದ ನವೆಂಬರಿನಲ್ಲಿ, ಐದು ಮಳೆ ಕಳೆದ ಮೇಲೆ, ಅಮ್ಮ ಒಂದು ಬುಟ್ಟಿ ಹಿಡಿದು ಮಾವಿನ ಕುತ್ತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಕೋಲಿನಿಂದ ಮೊದಲು ಸುತ್ತಲೂ ತಟ್ಟಿ, ಕೇರೆ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ನಾನು ಬೆರಳಿಟ್ಟರೆ ಬೆರಳು ಗೆಣ್ಣಿನ ತನಕ ಒಳಗೆ ಹೋಯಿತು. ಕಪ್ಪು, ಹಗುರ, ಕಾಫಿಪುಡಿಯಂಥ ಮಣ್ಣು. ಮರದ ವಾಸನೆಯಲ್ಲ, ಮೊದಲ ಮಳೆಯ ವಾಸನೆ. ಅವಳು ಅದನ್ನು ಕೈಯಿಂದ ಕೆರೆದು ಕೆರೆದು ಬುಟ್ಟಿಗೆ ತುಂಬುತ್ತಿದ್ದಳು. ಮಲ್ಲಿಗೆಯನ್ನು ಸವರುವ ಸಮಯ, ಬುಡಕ್ಕೆ ಗೊಬ್ಬರ ಬೇಕಿತ್ತು. ನಮ್ಮ ಶಂಕರಪುರದ ಮಲ್ಲಿಗೆಗೆ ಲೆಕ್ಕ ಚೆಂಡು ಮತ್ತು ಅಟ್ಟೆಯಲ್ಲಿ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮರ ಕಡಿದ ವರ್ಷಕ್ಕಿಂತ ಈಗ ದಿನಕ್ಕೆ ಅರ್ಧ ಚೆಂಡು ಹೆಚ್ಚು ಸಿಗುತ್ತದೆ ಅನ್ನುತ್ತಾಳೆ. ಮಾವಿನ ನೆರಳು ಹೋಗಿ ಬಿಸಿಲು ಬಂದದ್ದಕ್ಕೂ ಇರಬಹುದು.

ಮೂರನೆಯ ಬುಟ್ಟಿಯಲ್ಲಿ ಅವಳ ಉಗುರಿಗೆ ಏನೋ ತಾಗಿ ಟಿಣ್ ಎಂದಿತು. ಮಣ್ಣು ಸರಿಸಿದಳು. ಬಳೆ. ತುಕ್ಕು ಹಿಡಿದು ಒಂದು ಬದಿ ತೆಳುವಾಗಿತ್ತು, ಹಗ್ಗ ಉಜ್ಜಿದ ಬದಿಯೇ ಇರಬೇಕು. ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಕೌಲೆಯನ್ನು ಕಟ್ಟುತ್ತಿದ್ದದ್ದು ಇದಕ್ಕೇ. ಹಾಲು ಕರೆಯುವಾಗ ಒಂದು ಸಲವೂ ಕಾಲು ಎತ್ತಿದವಳಲ್ಲ” ಅಂದಳು.

ಬಳೆಯನ್ನು ಹಲಸಿನ ಕುತ್ತಿಯ ಮೇಲೆ ಇಟ್ಟು ಬಂದು, ಮತ್ತೆ ಬುಟ್ಟಿಯ ಮುಂದೆ ಕೂತಳು.